12 ಲಕ್ಷದೊಳಗೆ ಯಾವ ಕಾಂಪ್ಯಾಕ್ಟ್ ಎಸ್‌ಯುವಿ? ತಗೊಂಡವರು ಹೇಳಿ

ಶಿವಮೊಗ್ಗದ ಹೊಸಬ
ನಾಲ್ಕು ಮೀಟರ್ ಉದ್ದದೊಳಗಿನ ಎಸ್‌ಯುವಿ ನೋಡುತ್ತಿದ್ದೇನೆ. ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿ ಆನ್‌ರೋಡ್ 12 ಲಕ್ಷ ದಾಟಬಾರದು. ನಾವಿಬ್ಬರು, ಒಬ್ಬ ಮಗ, ಮಂಡಿನೋವಿನ ಅಮ್ಮ. ದಿನಾ ಊರೊಳಗೆ ಓಡಾಟ, ಆಗಾಗ ಆಗುಂಬೆ ಇಳಿದು ಉಡುಪಿಗೆ. ನೆಕ್ಸಾನ್, ಬ್ರೆಝಾ, ವೆನ್ಯೂ, 3ಎಕ್ಸ್‌ಒ ನಾಲ್ಕೂ ನೋಡಿ ತಲೆ ಕೆಟ್ಟಿದೆ. ಪೆಟ್ರೋಲಾ ಡೀಸೆಲಾ? ಆಟೋಮ್ಯಾಟಿಕ್ ಬೇಕಾ?

ಸಾಗರದ ತೋಟದವ
ಡೀಸೆಲ್ ತಗೊಳ್ಳಿ, ಬೇರೆ ಮಾತೇ ಇಲ್ಲ. ನನ್ನದು ನೆಕ್ಸಾನ್ ಡೀಸೆಲ್, ಮ್ಯಾನ್ಯುಯಲ್. ನಮ್ಮನೆಗೆ ಬರುವ ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ರಸ್ತೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಗುಂಡಿ, ನಡುವೆ ದಿಣ್ಣೆ. ಮೊದಲಿದ್ದ ಸಣ್ಣ ಕಾರು ಅದರ ಮೇಲೆ ಹೊಟ್ಟೆ ಉಜ್ಜಿಕೊಂಡೇ ಬರುತ್ತಿತ್ತು. ಒಂದು ಸಲ ಆಯಿಲ್ ಸಂಪ್ ಒಡೆಯಿತು. ಸಂಪಿಗೆ 6,800, ಎಳೆದುಕೊಂಡು ಹೋದವನಿಗೆ 4,500, ಆಯಿಲ್ ಬೇರೆ, ಎರಡು ದಿನ ಅಡಿಕೆ ಕೊಯ್ಲಿನ ಆಳುಗಳನ್ನು ಆಟೋದಲ್ಲಿ ಕರೆತಂದ ಖರ್ಚು ಬೇರೆ. ಈಗ 208 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ, ಎಲ್ಲೂ ತಾಗಲ್ಲ. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟಲ್ಲಿ ಐದು ಸ್ಟಾರ್ ತಗೊಂಡ ಮೊದಲ ದೇಶಿ ಗಾಡಿ ಇದೇ ಅಲ್ವಾ? ಹಿಂದೆ ಎರಡು ಮೂಟೆ ಅಡಿಕೆ, ಒಳಗೆ ನಾಲ್ಕು ಜನ, ಆದರೂ ಘಾಟಿಯಲ್ಲಿ ಉಸ್ಸಪ್ಪಾ ಅನ್ನಲ್ಲ. ಸನ್‌ರೂಫು, ಕಲರ್ ಲೈಟು ಎಲ್ಲ ಬೆಂಗಳೂರಿನವರ ಶೋಕಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ
ಶೋಕಿ ಅನ್ನುವ ಮೊದಲು ಸಂಜೆ ಆರು ಗಂಟೆಗೆ ಒಮ್ಮೆ ಇಲ್ಲಿಗೆ ಬನ್ನಿ ಸಾರ್. ಎಡಗಾಲು ಕ್ಲಚ್ ಒತ್ತಿ ಒತ್ತಿ ಮರಗಟ್ಟಿತ್ತು, ಅದಕ್ಕೇ ಟರ್ಬೊ ಪೆಟ್ರೋಲ್, ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ತಗೊಂಡೆ. ಕಂಪನಿ ಹೆಸರು ಬೇಡ. 41,000 ಕಿಲೋಮೀಟರಿಗೆ ಫ್ಲೈಓವರ್ ಏರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಎಚ್ಚರಿಕೆ ಬಂತು. ಹಿಂದಿನವರ ಹಾರ್ನು, ನನ್ನ ಗಾಡಿ ನಡುಗುತ್ತಾ ನಿಂತಿದೆ. ಸರ್ವಿಸ್ ಸೆಂಟರಿನಲ್ಲಿ ಮೊದಲು 'ನೀವು ಓಡಿಸೋ ರೀತಿ ಸರಿಯಿಲ್ಲ' ಎಂದರು. ಆಮೇಲೆ ಎಸ್ಟಿಮೇಟ್: ಕ್ಲಚ್ ಸೆಟ್ 78,400, ಕೂಲಿ 14,200, ಇನ್ಯಾವುದೋ ಆಕ್ಚುಯೇಟರ್ 31,000. ವಾರಂಟಿ ಮುಗಿದು ಆರು ವಾರ! ಮೇಲ್ ಮೇಲೆ ಮೇಲ್ ಹಾಕಿದ ಮೇಲೆ ಅರ್ಧ ಬಿಟ್ಟರು. ಡ್ರೈ ಕ್ಲಚ್ ಡಿಸಿಟಿ ಆಮೆವೇಗದಲ್ಲಿ ಅರ್ಧ ಕ್ಲಚ್ಚಲ್ಲೇ ತೆವಳುತ್ತೆ, ಸವೆಯದೆ ಏನಾಗುತ್ತೆ? ಬ್ರೆಝಾ, 3ಎಕ್ಸ್‌ಒ ಪೆಟ್ರೋಲ್ ಆಟೋಮ್ಯಾಟಿಕ್ ಗಾಡಿಗಳಲ್ಲಿ ಟಾರ್ಕ್ ಕನ್ವರ್ಟರ್, ಅದು ಆಯಿಲಲ್ಲಿ ನಡೆಯೋದು, ಟ್ರಾಫಿಕ್ ತಡೆಯುತ್ತೆ.
ಆದರೂ ಡೀಸೆಲ್ ತಗೊಳ್ಳಲ್ಲ. ಊರೊಳಗೆ ಐದಾರು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಬಿಸಿಯೇ ಆಗಲ್ಲ, ಮಸಿ ಕಟ್ಟಿಕೊಳ್ಳುತ್ತೆ. ತೋಟದವರು ಇದನ್ನು ಹೇಳಲೇ ಇಲ್ಲ.

ಸಾಗರದ ತೋಟದವ
ನನಗೆ ಡಿಪಿಎಫ್ ಲೈಟ್ ಬಂದಿದ್ದೇ ಇಲ್ಲ, ಏನಂತ ಹೇಳಲಿ? ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿ, ಮಸಿ ತಾನೇ ಸುಟ್ಟುಹೋಗುತ್ತೆ. ನಿಮ್ಮೂರಲ್ಲಿ ಖಾಲಿ ರಸ್ತೆ ಇಲ್ಲದಿದ್ದರೆ ಅದು ಡೀಸೆಲ್ ತಪ್ಪಲ್ಲ.

ಹುಬ್ಬಳ್ಳಿ ಹುಡುಗ
ಗೇರ್‌ಬಾಕ್ಸ್ ಕಥೆ ಬಿಡ್ರಿ, ನನ್ನ ಹೊಟ್ಟೆ ಉರಿ ಕೇಳ್ರಿ. ಮನೆಯವರು ವರಮಹಾಲಕ್ಷ್ಮಿ ಹಬ್ಬಕ್ಕೇ ಗಾಡಿ ಬರಬೇಕು ಎಂದರು. 2025ರ ಆಗಸ್ಟ್ 8ಕ್ಕೆ ಡೆಲಿವರಿ, 1.2 ಪೆಟ್ರೋಲ್, ರೋಡ್ ಟ್ಯಾಕ್ಸ್ ಸೇರಿಸದ ಎಕ್ಸ್‌ಶೋರೂಂ ರೇಟು 9.84 ಲಕ್ಷ. ಒಂದೇ ವಾರಕ್ಕೆ ಆಗಸ್ಟ್ 15ರ ಪ್ರಧಾನಿ ಭಾಷಣ, ಜಿಎಸ್‌ಟಿ ಇಳಿಸ್ತೀವಿ ಅಂತ. ಸೆಪ್ಟೆಂಬರ್ 22ಕ್ಕೆ ಸಣ್ಣ ಗಾಡಿ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿಯಿತು. ನಾನು ಕೊಟ್ಟಿದ್ದು ಸೆಸ್ ಸೇರಿ 29. ಲೆಕ್ಕ ಹಾಕ್ರಿ: 84,000. ಅದರ ಮೇಲಿನ ರೋಡ್ ಟ್ಯಾಕ್ಸ್ 14 ಪರ್ಸೆಂಟ್, ಇನ್ನೊಂದು 11,760. ಹಿಂದಿನ ಓಣಿಯವ ಅದೇ ಕಲರ್, ಅದೇ ಮಾಡೆಲ್ ದಸರಾಕ್ಕೆ ತಂದ. ದಿನಾ ಬೆಳಿಗ್ಗೆ ನನ್ನ ಮನೆ ಮುಂದೆಯೇ ಒರೆಸುತ್ತಾನೆ.
ಹೊಸಬರಿಗೆ ಒಂದು ಮಾತು. ಬರೀ ಉದ್ದ ನೋಡಬೇಡ್ರಿ. ಪೆಟ್ರೋಲ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಿದರೆ 18 ಇಲ್ಲ, 40. ಬ್ರೆಝಾ ನಾಲ್ಕು ಮೀಟರ್ ಒಳಗೇ ಇದೆ, ಆದರೆ ಪೆಟ್ರೋಲ್ ಎಂಜಿನ್ 1462 ಸಿಸಿ.

ಮೈಸೂರು ಮೇಡಂ
ಟ್ಯಾಕ್ಸ್ ಅಂದರೆ ಇದೂ ಕೇಳಿ. ನಾನು ನೋಡಿದ ಎರಡು ವೇರಿಯಂಟಿಗೆ 23,000 ಮಾತ್ರ ವ್ಯತ್ಯಾಸ. ಒಂದು 9.98, ಇನ್ನೊಂದು 10.21. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿದರೆ ರೋಡ್ ಟ್ಯಾಕ್ಸ್ 14ರಿಂದ 17ಕ್ಕೆ ಹೋಗುತ್ತೆ. ಟ್ಯಾಕ್ಸೊಂದೇ 34,000 ಹತ್ತಿರ ಜಾಸ್ತಿ, ಅದರ ಮೇಲೆ ಸೆಸ್ಸು. ಟಿಸಿಎಸ್ ಅಂತ ಡೀಲರೇ ವಸೂಲಿ ಮಾಡೋ ತೆರಿಗೆ ಒಂದು ಪರ್ಸೆಂಟ್ ಕಟ್ಟಿ ಆದಾಯ ತೆರಿಗೆ ರಿಟರ್ನ್ಸಲ್ಲಿ ವಾಪಸ್ ತಗೊಳ್ಳಬೇಕು. ಜಾಸ್ತಿ ಸಿಗೋದು ಸನ್‌ರೂಫ್ ಒಂದೇ. ಬೇಡ ಎಂದೆ. ಸೇಲ್ಸ್ ಹುಡುಗ ಬಿಡಲಿಲ್ಲ. ನನ್ನ ಎದುರೇ ಅದನ್ನು ತೆಗೆದು ಮುಚ್ಚಿ ತೆಗೆದು ಮುಚ್ಚಿ ತೋರಿಸಿದ. ನಾನು ಕೇಳಿದ್ದು ಡ್ರೈವರ್ ಸೀಟು ಎಷ್ಟು ಮೇಲೆ ಬರುತ್ತೆ ಅಂತ. ಕುಳ್ಳಿ ನಾನು, ಬಾನೆಟ್ ತುದಿ ಕಾಣಬೇಕು. ಅದಕ್ಕೇ ನನಗೆ ಎಸ್‌ಯುವಿ ಬೇಕಾಗಿದ್ದು, ಕಾಡು ಮೇಡು ಹತ್ತೋಕಲ್ಲ.
ಬಿಲ್ಲಲ್ಲಿ ನೋಡಿದರೆ 'ಎಸೆನ್ಷಿಯಲ್ ಕಿಟ್' 18,500. ಏನಪ್ಪಾ ಅದು? ಮ್ಯಾಟು, ಮಡ್ ಫ್ಲ್ಯಾಪು, ಒಂದು ಪರ್ಫ್ಯೂಮ್ ಬಾಟಲಿ. ಟೆಫ್ಲಾನ್ ಕೋಟಿಂಗ್ 7,000. ಇನ್ಶೂರೆನ್ಸ್ ಅವರಲ್ಲಿ 52,000, ಹೊರಗೆ ಅದೇ ಕವರ್ 35,000. ಮೂರನ್ನೂ ಹೊಡೆದು ಹಾಕಿಸಿದೆ. ಮುಖ ಊದಿಸಿಕೊಂಡರು, ಗಾಡಿ ಕೊಟ್ಟರು.

ಮಂಗಳೂರು ಮಳೆ
ಮೇಡಂ, ಸನ್‌ರೂಫ್ ಅಂದ್ರೆ ಎಲ್ಲರೂ ಯಾಕೆ ಬೈತೀರಿ? ನನಗೂ ತೊಂದರೆ ಆಗಿದೆ. ಮಾವಿನ ಮರದಡಿ ನಿಲ್ಲಿಸಿ ನಿಲ್ಲಿಸಿ ಡ್ರೈನ್ ಪೈಪಿನಲ್ಲಿ ಎಲೆ ಚೂರು, ಹೂವಿನ ಪುಡಿ ಕಟ್ಟಿಕೊಂಡಿತು. ಜುಲೈ ಮಳೆಗೆ ನೀರು ಪಿಲ್ಲರ್ ಒಳಗಿಂದ ಇಳಿದು ಕಾರ್ಪೆಟ್ ಅಡಿ ನಿಂತಿತ್ತು. ನಮಗೆ ಗೊತ್ತಾಗಿದ್ದು ವಾಸನೆ ಬಂದಾಗ. ಸೀಟು ಬಿಚ್ಚಿ ಒಣಗಿಸಿದ್ದಕ್ಕೆ 9,300, ಹೊಸ ಕಾರ್ಪೆಟ್ 11,000. ಈಗ ಪ್ರತಿ ಮೇ ತಿಂಗಳು ಪೈಪ್ ಕ್ಲೀನ್ ಮಾಡಿಸುತ್ತೇನೆ. ಆದರೂ ನನ್ನ ಮಗಳು ಮಳೆಹನಿ ಗಾಜಿನ ಮೇಲೆ ಬೀಳೋದನ್ನು ನೋಡುತ್ತಾ ಕೂತರೆ ಗಲಾಟೆಯೇ ಇಲ್ಲ. ಅದಕ್ಕೆ ಬೆಲೆ ಇಲ್ವಾ?

ಸಿಲ್ಕ್‌ಬೋರ್ಡ್ ಸಂತ್ರಸ್ತ
ಕೂತರೆ ಸರಿ. ಹೈವೇಯಲ್ಲಿ ಮಕ್ಕಳನ್ನು ಮೇಲೆ ನಿಲ್ಲಿಸಿಕೊಂಡು ಹೋಗ್ತಾರಲ್ಲ, ಅವರಿಗೇನು ಹೇಳ್ತೀರಿ?

ಮಂಗಳೂರು ಮಳೆ
ನಾನು ನಿಲ್ಲಿಸಿದ್ದೇನೆ ಅಂತ ಎಲ್ಲಿ ಬರೆದೆ? ಸರಿಯಾಗಿ ಓದಿ ಮಾರಾಯ್ರೆ. ನಿಮ್ಮ ಗೇರ್‌ಬಾಕ್ಸ್ ಕೋಪ ನನ್ನ ಮೇಲೆ ತೀರಿಸಬೇಡಿ.

ಶಿವಮೊಗ್ಗದ ಹೊಸಬ
ಎಲ್ಲರಿಗೂ ಧನ್ಯವಾದ. ಆದರೆ ಆಟೋಮ್ಯಾಟಿಕ್ ಗಾಡಿ ಆಗುಂಬೆ ಇಳಿಯುವಾಗ ಹೇಗೆ...?

ಹಳೇ ಇಕೋಸ್ಪೋರ್ಟ್
ಇವೆಲ್ಲ ಬರುವ ಮೊದಲೇ 2013ರಲ್ಲಿ ಈ ಸೈಜಿನ ಹುಚ್ಚು ಹತ್ತಿಸಿದ್ದು ನಮ್ಮ ಫೋರ್ಡ್ ಇಕೋಸ್ಪೋರ್ಟ್. ನನ್ನದು ಡೀಸೆಲ್. ಅದರ ಸ್ಟೀರಿಂಗ್ ತೂಕ ಇವತ್ತಿನ ಯಾವ ಗಾಡಿಯಲ್ಲೂ ಇಲ್ಲ. ಹೊಸದರಲ್ಲಿ ಏನಿದೆ, ಗೋಡೆಗೆ ಟಿವಿ ಹಾಕಿದ ಹಾಗೆ ಸ್ಕ್ರೀನು. ಎಸಿ ಕಡಿಮೆ ಮಾಡಬೇಕಾದರೂ ರಸ್ತೆ ಬಿಟ್ಟು ಅದನ್ನೇ ನೋಡಬೇಕು.

ಹುಬ್ಬಳ್ಳಿ ಹುಡುಗ
ಅಣ್ಣಾ, ಫೋರ್ಡ್ ಇಲ್ಲಿ ಗಾಡಿ ಮಾಡೋದು ನಿಲ್ಲಿಸ್ತೀವಿ ಅಂದಿದ್ದು 2021ರಲ್ಲಿ. ನಿಮ್ಮ ಗಾಡಿ ಈಗ ಮಾರಿದರೆ ಎಷ್ಟು ಬರುತ್ತೆ, ಅದನ್ನು ಹೇಳ್ರಿ.

ಹಳೇ ಇಕೋಸ್ಪೋರ್ಟ್
ಮಾರೋಕೆ ತಗೊಂಡವರು ನೀವು, ಓಡಿಸೋಕೆ ತಗೊಂಡವನು ನಾನು. ತಗೊಂಡ ತಿಂಗಳೇ 96,000 ಕಳಕೊಂಡವರು ನನಗೆ ರೀಸೇಲ್ ಪಾಠ ಹೇಳಬೇಡಿ.

ಹುಬ್ಬಳ್ಳಿ ಹುಡುಗ
ಅದು ಸರ್ಕಾರ ಮಾಡಿದ್ದು! ಗಾಡಿ ಏನ್ ಮಾಡಿತ್ರಿ?

ಹಳೇ ಇಕೋಸ್ಪೋರ್ಟ್
ಆಯ್ತು ಬಿಡಿ. ಅಂದ ಹಾಗೆ, ಪಕ್ಕಕ್ಕೆ ತೆರೆಯುವ ಹಿಂಬಾಗಿಲಿನ ಹ್ಯಾಂಡಲ್ ಒಡೆದಿದೆ. ಬೆಂಗಳೂರಿನ ಜೆಸಿ ರೋಡಿನಲ್ಲಿ ಹಳೆಯದಕ್ಕೇ 3,600 ಹೇಳ್ತಿದ್ದಾರೆ. ಕಡಿಮೆಗೆ ಎಲ್ಲಾದರೂ ಸಿಗುವುದಾದರೆ ತಿಳಿಸಿ, ಬೆಳ್ಳಿ ಬಣ್ಣ.