ಮನೆ ಹಿಂದಿನ ಬರೆಯಲ್ಲಿ ಬಿರುಕು ಬಿಟ್ಟಿದೆ, ಏನು ಮಾಡೋದು?

ಪ್ರಶ್ನೆ: ಸರ್, ನಮ್ಮದು ಮಡಿಕೇರಿ ತಾಲ್ಲೂಕು. ಹೋದ ಬೇಸಿಗೆಯಲ್ಲಿ ಮನೆ ಹಿಂದಿನ ಗುಡ್ಡವನ್ನು ಜೆಸಿಬಿಯಿಂದ ಕಡಿಸಿ ಅಂಗಳ ಅಗಲ ಮಾಡಿಸಿದೆವು. ಈಗ ಬರೆಯ (ಕಡಿದಾದ ಗುಡ್ಡದ ಬದಿಯ) ಮೇಲೆ, ಕಾಫಿ ಗಿಡಗಳ ಮಧ್ಯೆ, ಬೆರಳು ತೂರುವಷ್ಟು ಬಿರುಕು ಬಿಟ್ಟಿದೆ. ಮಳೆ ಸುರೀತಾನೇ ಇದೆ. ಕಾಂಕ್ರೀಟ್ ಗೋಡೆ ಕಟ್ಟಿಸಿದರೆ ಸಾಕಾ?

ಉತ್ತರ (ಭೂವಿಜ್ಞಾನಿ): ಗೋಡೆ ಮಾತು ಆಮೇಲೆ. ದಯವಿಟ್ಟು ಇವತ್ತೇ ಮನೆಯವರೆಲ್ಲ ಬೇರೆ ಕಡೆ ಹೋಗಿ. ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿ. ಇಳಿಜಾರಿಗೆ ಅಡ್ಡವಾಗಿ ಬಿರುಕು ಬಿಟ್ಟಿದೆ ಅಂದರೆ ಕೆಳಗಿನ ಮಣ್ಣು ಆಗಲೇ ಜರುಗುತ್ತಿರಬಹುದು. ಟಾರ್ಪಾಲ್ ಹೊದಿಸುತ್ತೇನೆ ಅಂತ ಈ ಮಳೆಯಲ್ಲಿ ಮೇಲೆ ಹತ್ತಲೇಬೇಡಿ.

ನಮ್ಮ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪ ಮಣ್ಣಿದೆ. ವಾರಗಟ್ಟಲೆ ಮಳೆ ಹಿಡಿದರೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬುತ್ತದೆ. ಭಾರ ಜಾಸ್ತಿಯಾಗುತ್ತದೆ, ನೀರಿನ ಒತ್ತಡಕ್ಕೆ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಬುಡವನ್ನು ನಾವೇ ಕಡಿದಿದ್ದರೆ ಅದನ್ನು ತಡೆಯಲು ಏನೂ ಉಳಿಯಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗಲೂ ವಿಪರೀತ ಮಳೆಯ ಜೊತೆಗೆ ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದೂ ಕಾರಣವಾಗಿತ್ತು.

ಮುಂದೆ ಗೋಡೆ ಕಟ್ಟಿಸುವಾಗಲೂ ನೀರು ಹೊರಗೆ ಬರಲು ತೂತು ಬಿಡಿಸಲೇಬೇಕು. ಇಲ್ಲದಿದ್ದರೆ ಹಿಂದೆ ನೀರು ಕಟ್ಟಿಕೊಂಡು ಗೋಡೆಯನ್ನೇ ದೂಡುತ್ತದೆ.

ಇನ್ನೊಬ್ಬರ ಪ್ರಶ್ನೆ: ಇಂಗುಗುಂಡಿ ತೋಡಿದರೆ ಒಳ್ಳೆಯದಲ್ವಾ ಸರ್?

ಉತ್ತರ: ಬಯಲುಸೀಮೆಗೆ ಒಳ್ಳೆಯದು. ಕಡಿದಾದ ಬರೆಯ ತಲೆಯ ಮೇಲೆ ಖಂಡಿತ ಬೇಡ. ಅಲ್ಲಿ ನೀರು ಇಂಗಬಾರದು, ಚರಂಡಿಯಲ್ಲಿ ಪಕ್ಕಕ್ಕೆ ಹರಿದು ಹೋಗಬೇಕು.

ಮತ್ತೊಬ್ಬರ ಪ್ರಶ್ನೆ: ನಮ್ಮ ಮನೆ ಹೊಳೆಯ ಆಚೆ ದಡದಲ್ಲಿದೆ. ನಮಗೇನೂ ಭಯವಿಲ್ಲ, ಅಲ್ವಾ?

ಉತ್ತರ: ಹಾಗೆ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿ ನದಿಗೆ ಬಿತ್ತು. ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಸಣ್ಣ ತೋಡು, ಅಂದರೆ ಹಳ್ಳ ಆದರೆ ಇನ್ನೊಂದು ಅಪಾಯ ಇದೆ. ಮಳೆ ಸುರಿಯುತ್ತಿದ್ದರೂ ನೀರು ಒಮ್ಮೆಲೆ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಬಿದ್ದು ಕಟ್ಟೆ ಕಟ್ಟಿರಬಹುದು. ಅದು ಒಡೆದರೆ ಕೆಸರು, ಮರ, ಬಂಡೆ ಎಲ್ಲ ಒಟ್ಟಿಗೇ ಬರುತ್ತದೆ. ನೋಡುತ್ತಾ ನಿಲ್ಲಬೇಡಿ, ತೋಡಿನಿಂದ ದೂರ, ಎತ್ತರದ ಕಡೆ ಓಡಿ.

ಮೊದಲು ಕೇಳಿದವರು: ಸರ್, ನೆಂಟರ ಮನೆಗೆ ಬಂದಿದ್ದೇವೆ. ಮಳೆ ನಿಂತ ಮೇಲೆ ವಾಪಸ್ ಹೋಗಬಹುದಾ?

ಉತ್ತರ: ಹೋಗಿದ್ದು ಒಳ್ಳೆಯದಾಯಿತು. ಎರಡು ದಿನ ಬಿಸಿಲು ಬಂತು ಅಂತ ಮರಳಬೇಡಿ, ಒಳಗಿನ ನೀರು ಬೇಗ ಇಳಿಯಲ್ಲ. ಪರಿಣತರು ಜಾಗ ನೋಡಿ ಸರಿ ಅಂದ ಮೇಲೆಯೇ ಬನ್ನಿ. ಆಗ ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆಸಿ, ನಡುವಿನ ಅಂತರ ಅಳೆದು ಬರೆದಿಟ್ಟುಕೊಳ್ಳಿ. ಅದು ಸ್ವಲ್ಪ ಹೆಚ್ಚಿದರೂ ಮತ್ತೆ ಮನೆ ಬಿಡಿ.