ಛಾವಣಿ ಆಂಟೆನಾ ಕೆಟ್ಟು ಮೂರು ವಾರ: ಯಾರ ಮನೇಲಿ ಟಿವಿ ಬರ್ತಿದೆ?

ಫ್ಲಾಟ್ 22: ಎಲ್ಲರಿಗೂ ನಮಸ್ಕಾರ. ಕಾಮನ್ ಆಂಟೆನಾ ಬಗ್ಗೆ ಕಟ್ಟಡ ನೋಡ್ಕೊಳ್ಳೋ ಮ್ಯಾನೇಜಿಂಗ್ ಏಜೆಂಟ್‌ಗೆ ನಾಲ್ಕು ಮೇಲ್ ಹಾಕಿದೆ. “ಟಿವಿ ಟವರ್ ಕಡೆಯಿಂದಲೇ ತೊಂದರೆ ಇರಬಹುದು” ಅಂತಾರೆ. ಲಂಡನ್ನಿನ ಇಡೀ ಹೌನ್ಸ್ಲೋದಲ್ಲಿ ನಮ್ಮ ಕಟ್ಟಡದ ಮೇಲೆ ಮಾತ್ರ ಟವರ್‌ಗೆ ಮುನಿಸಾ?

ಫ್ಲಾಟ್ 9: ನಾನು ಇಂಡೋರ್ ಆಂಟೆನಾ ತಂದು ಟಿವಿ ಹಿಂದೆ ಇಟ್ಟೆ. ಬಿಬಿಸಿ ಒನ್ ಕೂಡ ಚೌಕ ಚೌಕವಾಗಿ ಒಡೆಯತ್ತೆ. ದುಡ್ಡು ದಂಡ.

ಫ್ಲಾಟ್ 31: ಟಿವಿ ಹಿಂದೆ ಬೇಡ ಅಣ್ಣ. ನಮಗೆ ಫ್ರೀವ್ಯೂ, ಅಂದ್ರೆ ಆಂಟೆನಾದಲ್ಲಿ ಸಿಗೋ ಉಚಿತ ಚಾನೆಲ್ಲೆಲ್ಲ, ಬರೋದು ಕ್ರಿಸ್ಟಲ್ ಪ್ಯಾಲೆಸ್ ಟವರಿಂದ. ಇಲ್ಲಿಂದ ಸುಮಾರು 20 ಕಿ.ಮೀ., ಪೂರ್ವಕ್ಕೆ, ಕೊಂಚ ದಕ್ಷಿಣಕ್ಕೆ ವಾಲಿ. ಪೂರ್ವದ ಕಿಟಕಿಗೆ ಒರಗಿಸಿ. ಕಡ್ಡಿ ಇರೋದಾದ್ರೆ ಕಡ್ಡಿ ಮಲಗಿರಲಿ, ಆ ಟವರ್ ಅಲೆ ಬಿಡೋದೇ ಅಡ್ಡಡ್ಡ. ಒಮ್ಮೆ ಬಾಲ್ಕನಿಯಲ್ಲೂ ಹಿಡಿದು ನೋಡಿ. ಹೊರಗೆ ಬಂದು ಒಳಗೆ ಬರದಿದ್ರೆ ಗೋಡೆಯೊಳಗಿನ ಫಾಯಿಲ್ ಇನ್ಸುಲೇಷನ್ನೋ, ಶಾಖ ತಡೆಯೋ ಲೇಪದ ಗಾಜೋ ಸಿಗ್ನಲ್ ತಿಂತಿದೆ ಅಂತ ಲೆಕ್ಕ.

ಫ್ಲಾಟ್ 9: ಬೂಸ್ಟರ್ ಹಾಕಿದ್ರೆ?

ಫ್ಲಾಟ್ 31: ಸಿಗ್ನಲ್ ಜೊತೆ ಅದರಲ್ಲಿ ಬೆರೆತ ಗದ್ದಲವನ್ನೂ (ನಾಯ್ಸ್) ಹೆಚ್ಚಿಸತ್ತೆ. ಉಪ್ಪಾದ ಸಾರನ್ನ ದೊಡ್ಡ ಪಾತ್ರೆಗೆ ಸುರಿದ ಹಾಗೆ.

ಫ್ಲಾಟ್ 17: ನಾನು ಆಟೋ ಟ್ಯೂನ್ ಒತ್ತಿದೆ, ಇದ್ದ ಚಾನೆಲ್ಲೆಲ್ಲ ಮಾಯ 😭

ಫ್ಲಾಟ್ 31: ಅಯ್ಯೋ ಅಕ್ಕ, ಸಿಗ್ನಲ್ ಇಲ್ಲದಾಗ ಅದನ್ನ ಒತ್ತಬಾರದು. ಹಳೇ ಪಟ್ಟಿ ಅಳಿಸಿ ಖಾಲಿ ಕೈ ತೋರಿಸತ್ತೆ. ಆಂಟೆನಾ ಚುಚ್ಚಿ ಮ್ಯಾನ್ಯುಯಲ್ ಟ್ಯೂನಿಗೆ ಹೋಗಿ. ಅಲ್ಲಿ ಟವರಿನ ಅಲೆಯ ನಂಬರ್ ಕೇಳತ್ತೆ: 23 ಕೊಟ್ರೆ ಬಿಬಿಸಿ, 26 ಕೊಟ್ರೆ ಐಟಿವಿ ಮತ್ತು ಚಾನೆಲ್ 4, ಎಚ್‌ಡಿ 30ರಲ್ಲಿ.

ಫ್ಲಾಟ್ 5: ಇಷ್ಟೆಲ್ಲ ಸರ್ಕಸ್ ಯಾಕ್ರೀ? ನಾವಂತೂ ಇಂಟರ್ನೆಟ್ಟಲ್ಲಿ, ಬಿಬಿಸಿ ಐಪ್ಲೇಯರಲ್ಲೇ ನೋಡೋದು.

ಫ್ಲಾಟ್ 22: ನಿಮಗೆ ನಡೆಯತ್ತೆ. 3ನೇ ನಂಬರಿನ ಅಜ್ಜಿಗೆ ಬ್ರಾಡ್‌ಬ್ಯಾಂಡೇ ಇಲ್ಲ. ಪಾಪ, ಮೂರು ವಾರದಿಂದ ರೇಡಿಯೋ ಹಾಕ್ಕೊಂಡು ಕೂತಿದ್ದಾರೆ. ಕಿಟಕಿ ಬೇರೆ ಪಶ್ಚಿಮಕ್ಕೆ. ಮೇಲಾಗಿ ಆ ಆಂಟೆನಾಗೆ ನಾವೆಲ್ಲ ಸರ್ವಿಸ್ ಚಾರ್ಜ್ ಕಟ್ತಿದ್ದೀವಿ.

ಫ್ಲಾಟ್ 9: ಬಂತು! ಕಿಟಕಿಗೆ ಟೇಪ್ ಹಾಕಿ ಅಂಟಿಸಿದೆ. ಮೈಸೂರಿಂದ ಬಂದಿರೋ ಮಾವ ಸೋಫಾದಿಂದಲೇ “ಎಡಕ್ಕೆ, ಎಡಕ್ಕೆ, ಸಾಕು” ಅಂದ್ರು. ಅವರಿಗೆ ಇದು ಹಳೇ ಕಸುಬು. ಬಿಬಿಸಿ, ಐಟಿವಿ ಎರಡೂ ಸ್ವಚ್ಛ. ಪಟ್ಟಿಯಲ್ಲಿ ದೊಡ್ಡ ನಂಬರಿನ ಕೆಲವು ಚಾನೆಲ್ ಇನ್ನೂ ತಡವರಿಸ್ತಿವೆ.

ಫ್ಲಾಟ್ 31: ಅಣ್ಣ, ಅದನ್ನ ಹಾಗೇ ಬಿಡಿ, ಅಲುಗಾಡಿಸಬೇಡಿ. ನಮಗೆ ಬೇಕಿದ್ದ ಸಾಕ್ಷಿ ಸಿಕ್ತು. ಟವರ್ ಕೆಟ್ಟಿದ್ರೆ ನಿಮ್ಮ ಕಿಟಕಿಗೆ ಹೇಗೆ ಬರತ್ತೆ? ಸಿಗ್ನಲ್ ಕ್ವಾಲಿಟಿ ತೋರಿಸೋ ಪರದೆಯ ಫೋಟೋ ಎರಡು ತೆಗೀರಿ: ಗೋಡೆಯ ಸಾಕೆಟ್ಟಿಗೆ ಚುಚ್ಚಿ ಒಂದು, ಕಿಟಕಿ ಆಂಟೆನಾದಿಂದ ಒಂದು. ದಿನ, ಹೊತ್ತು ಬರೆದಿರಲಿ. ಪೂರ್ವಕ್ಕೆ ಕಿಟಕಿ ಇರೋರೆಲ್ಲ ಇದನ್ನೇ ಮಾಡಿ.

ಫ್ಲಾಟ್ 17: ಇಂಡೋರ್ ಆಂಟೆನಾ ಅಂದ್ರೆ ದುಡ್ಡು ಕಟ್ಟಿ ತಗೊಳ್ಳೋ ಟಿವಿ ಲೈಸೆನ್ಸ್ ಬೇಡ್ವಾ?

ಫ್ಲಾಟ್ 31: ಬೇಕು ಅಕ್ಕ. ಲೈವ್ ನೋಡೋದಾದ್ರೆ ಆಂಟೆನಾ ಎಲ್ಲಿದ್ರೂ ಬೇಕು.

ಫ್ಲಾಟ್ 22: ಫೋಟೋ ಭಾನುವಾರ ರಾತ್ರಿಯೊಳಗೆ ಕಳಿಸಿ. ಪತ್ರ ನಾನು ಬರೀತೀನಿ, ಸಹಿ ಎಲ್ಲರದ್ದೂ. ಅಜ್ಜಿಗೇನು ಮಾಡೋದು?

ಫ್ಲಾಟ್ 5: ಮೆಟ್ಟಿಲ ಹತ್ರದ ಕಿಟಕಿ ಪೂರ್ವಕ್ಕಲ್ವಾ? ನನ್ನ ಹತ್ರ 10 ಮೀಟರ್ ಟಿವಿ ಕೇಬಲ್ ಬಿದ್ದಿದೆ. ಯಾರಾದ್ರೂ ಆಂಟೆನಾ ಕೊಟ್ರೆ ಸಂಜೆ ಎಳೀತೀನಿ.

ಫ್ಲಾಟ್ 17: ನಂದು ತಗೊಳ್ಳಿ. ಕೇಬಲ್ ಗೋಡೆ ಅಂಚಿಗೇ ಇರಲಿ, ಅಜ್ಜಿ ವಾಕರ್ ಹಿಡಿದು ಓಡಾಡ್ತಾರೆ.