ಅಜ್ಜಿಯ ಜಪಾನಿ ತಟ್ಟೆಯ ಫೋಟೊ ಕುರಿತು

ಅತ್ತಿಗೆ, ನಮಸ್ಕಾರ. ಅಜ್ಜಿಯ ಪಿಂಗಾಣಿ ತಟ್ಟೆಯ ಫೋಟೊ ತೆಗೆದಾಗಲೆಲ್ಲ ಗುಲಾಬಿ ಹೂಗಳ ಮೇಲೆ ಬೆಳ್ಳಗಿನ ಮಚ್ಚೆ ಬೀಳುತ್ತದೆ, ಅಂಚಿನ ಚಿನ್ನ ಕಪ್ಪಾಗಿ ಕಾಣುತ್ತದೆ ಎಂದು ನೀವು ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದಿರಿ. ವಿಷಯ ಸ್ವಲ್ಪ ದೀರ್ಘವಾದುದರಿಂದ ಮಾತಿನಲ್ಲೇ ಹೇಳುತ್ತೇನೆ.

ಮೊದಲು ಫ್ಲ್ಯಾಶ್ ಆರಿಸಿಬಿಡಿ. ಪಿಂಗಾಣಿಯ ಮೇಲಿನ ಲೇಪ ಗಾಜಿನಂಥದ್ದೇ ಆದ್ದರಿಂದ ಎದುರಿನಿಂದ ಬಂದ ಬೆಳಕನ್ನು ಅದು ನೇರವಾಗಿ ಕ್ಯಾಮೆರಾಕ್ಕೇ ಹಿಂದಿರುಗಿಸುತ್ತದೆ. ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕದಲ್ಲಿ, ಹೊಳಪಿಲ್ಲದ ಬೂದುಬಣ್ಣದ ಬಟ್ಟೆಯ ಮೇಲೆ ತಟ್ಟೆಯನ್ನಿಟ್ಟು, ಕೋಣೆಯ ದೀಪಗಳನ್ನೂ ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ತಟ್ಟೆಯ ಬಿಳುಪು ಒಂದೆಡೆ ಹಳದಿಗೂ ಇನ್ನೊಂದೆಡೆ ನೀಲಿಗೂ ತಿರುಗುತ್ತದೆ.

ಚಿನ್ನ ಕಪ್ಪಾಗುವುದಕ್ಕೆ ಕಾರಣ ಬೇರೆ. ನುಣುಪಾದ ಚಿನ್ನ ತನ್ನ ಎದುರಿಗೆ ಏನಿದೆಯೋ ಅದನ್ನೇ ಪ್ರತಿಫಲಿಸುತ್ತದೆ. ಎದುರಿಗೆ ಕತ್ತಲೆಯ ಕೋಣೆ ಇದ್ದರೆ ಅಂಚಿನಲ್ಲಿ ಕಾಣುವುದೂ ಆ ಕತ್ತಲೆಯೇ. ಕಿಟಕಿಯ ಎದುರು ಬದಿಯಲ್ಲಿ ದೊಡ್ಡ ಬಿಳಿಯ ಡ್ರಾಯಿಂಗ್ ಹಾಳೆಯೊಂದನ್ನು ಯಾರಾದರೂ ಹಿಡಿದು ನಿಧಾನವಾಗಿ ವಾಲಿಸುತ್ತಾ ಬಂದರೆ, ಒಂದು ಕೋನದಲ್ಲಿ ಅಂಚಿನ ಚಿನ್ನ ತನ್ನ ನಿಜವಾದ ಬಣ್ಣದಲ್ಲಿ ಕಾಣುತ್ತದೆ.

ಫೋನನ್ನು ತೀರ ಹತ್ತಿರ ಹಿಡಿಯಬೇಡಿ, ದುಂಡಗಿನ ತಟ್ಟೆ ವಿಕಾರವಾಗುತ್ತದೆ. ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ.

ಇಡೀ ತಟ್ಟೆಯ ಫೋಟೊ ಆದ ಮೇಲೆ ಹೂಗಳ ಒಂದು ಸಮೀಪದ ಚಿತ್ರವನ್ನು ದಯವಿಟ್ಟು ತೆಗೆಯಿರಿ, ಹೂಗಳು ಕೈಯಿಂದ ಬರೆದವೋ ಅಚ್ಚಿನವೋ ಎಂದು ಅದರಿಂದ ತಿಳಿಯುವುದರಿಂದ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಅದೇ. ಬೆಳಕು ಬಹಳ ಕೆಳಗಿನಿಂದ, ತಟ್ಟೆಯ ಮೈಯನ್ನು ಸವರಿಕೊಂಡು ಹೋಗುವಂತೆ ಬಂದರೆ ಉಬ್ಬಿದ ಬಣ್ಣದ ಚುಕ್ಕೆಗಳಿಗೆ ಸಣ್ಣ ನೆರಳು ಬೀಳುತ್ತದೆ, ಕುಂಚ ಎಲ್ಲಿ ಒತ್ತಿತು, ಎಲ್ಲಿ ಹಗುರವಾಯಿತು ಎಂಬುದೂ ತಿಳಿಯುತ್ತದೆ. ಅಚ್ಚಿನ ಚಿತ್ರದಲ್ಲಾದರೆ ಭೂತಗನ್ನಡಿಯ ಕೆಳಗೆ ಒಂದೇ ಸಮನಾದ ಚುಕ್ಕೆಗಳು ಕಾಣುವುದುಂಟು.

ಹಿಂಬದಿಯ ಮುದ್ರೆಯನ್ನೂ ಮರೆಯಬೇಡಿ. ಅಲ್ಲಿ ‘ನಿಪ್ಪಾನ್’ ಎಂದಿದೆ ಎಂದಿರಿ, ಜಪಾನಿ ಭಾಷೆಯಲ್ಲಿ ಜಪಾನಿನ ಹೆಸರೇ ಅದು. ಅಮೆರಿಕದ 1890ರ ಸುಂಕದ ಕಾಯ್ದೆಯಿಂದಾಗಿ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಹಾಕುವುದು ಕಡ್ಡಾಯವಾಯಿತು. 1891ರಿಂದ 1921ರವರೆಗೆ ಜಪಾನಿನವರು ಈ ಹೆಸರು ಬಳಸಿದರು, ಆಮೇಲೆ ‘ಜಪಾನ್’ ಎಂದೇ ಹಾಕಬೇಕಾಯಿತು. ಈ ಮುದ್ರೆಯ ನಕಲುಗಳೂ ಇರುವುದರಿಂದ, ತಿಳಿದವರು ನೋಡಿ ಹೇಳಲು ಅದರ ಸ್ಪಷ್ಟವಾದ ಚಿತ್ರ ಬೇಕು.

ಫೋಟೊಕ್ಕೆಂದು ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜಲೇಬೇಡಿ. ಚಿನ್ನ ಆ ಗಾಜಿನಂಥ ಲೇಪದ ಮೇಲಿರುವಂಥದ್ದು, ಉಜ್ಜಿದರೆ ಸವೆದುಹೋಗುತ್ತದೆ. ಒಣಗಿದ ಮೃದುವಾದ ಬಟ್ಟೆಯಿಂದ ಧೂಳು ತೆಗೆದರೆ ಸಾಕು. ಗುಂಪಿಗೆ ಹಾಕುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಇಲ್ಲವಾದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕುಂಚದ ಗೆರೆಗಳನ್ನೇ ಅಳಿಸಿಬಿಡುತ್ತದೆ.